ಪುಟ್ಟ ಮಕ್ಕಳ ಜೊತೆ ಹೊರದೇಶದ ಕೆಲಸಕ್ಕೆ: ದುಬೈ, ಜರ್ಮನಿ, ಕೆನಡಾ ಹೋಲಿಸುವ ಬಗೆ

ಮೂರು ಆಫರ್‌ಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ದುಬೈನಲ್ಲಿ ತಿಂಗಳಿಗೆ 12,000 ದಿರ್ಹಮ್, ಜರ್ಮನಿಯಲ್ಲಿ 4,500 ಯೂರೋ, ಕೆನಡಾದ ಒಂಟಾರಿಯೊದಲ್ಲಿ 6,500 ಡಾಲರ್. ಲೆಕ್ಕ ಸುಲಭವಾಗಲಿ ಎಂದು ದಿರ್ಹಮ್‌ಗೆ 24, ಯೂರೋಗೆ 100, ಕೆನಡಾ ಡಾಲರಿಗೆ 63 ರೂಪಾಯಿ ಹಿಡಿಯೋಣ. ಕಾಗದದ ಮೇಲೆ ಇವು 2.9 ಲಕ್ಷ, 4.5 ಲಕ್ಷ, 4.1 ಲಕ್ಷ. ಜರ್ಮನಿ ಎಷ್ಟೋ ಮುಂದಿದೆ ಅನ್ನಿಸುತ್ತದೆ.

ಈಗ ಕೈಗೆ ಬರುವ ಹಣ ನೋಡಿ. ದುಬೈನಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, 12,000 ಪೂರ್ತಿ ಬರುತ್ತದೆ. ಜರ್ಮನಿಯಲ್ಲಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಎಲ್ಲ ಕಳೆದು, ಹೆಂಡತಿ ಮಕ್ಕಳು ಜೊತೆಗಿರುವ ಒಬ್ಬರ ದುಡಿಮೆಯ ಮನೆಗೆ 3,100ರಿಂದ 3,200 ಯೂರೋ ಉಳಿಯುತ್ತದೆ. ಒಂಟಾರಿಯೊದಲ್ಲಿ ಅದೇ ರೀತಿ 5,000 ಡಾಲರಿನ ಆಸುಪಾಸು. ಅಂದರೆ ಮೂರೂ ಕಡೆ ಮೂರು ಲಕ್ಷದ ಹತ್ತಿರವೇ. ಊರಿನಲ್ಲಿ ಎಲ್ಲರೂ ಮೊದಲು ಕೇಳುವ ಸಂಬಳದ ಪ್ರಶ್ನೆಯಿಂದ ಇಲ್ಲಿ ಏನೂ ತೀರ್ಮಾನವಾಗುವುದಿಲ್ಲ. ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ ತೀರ್ಮಾನ ಮಾಡುವುದು ಬೇರೆ ಮೂರು ಪ್ರಶ್ನೆಗಳು: ಮನೆಯ ಇನ್ನೊಬ್ಬರು ಅಲ್ಲಿ ದುಡಿಯಬಹುದೇ? ಹಗಲು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಅದಕ್ಕೆ ಎಷ್ಟು ಖರ್ಚು? ಕೆಲಸ ಹೋದರೆ ಎಷ್ಟು ದಿನದಲ್ಲಿ ಗಂಟುಮೂಟೆ ಕಟ್ಟಬೇಕು?

ಇನ್ನೊಬ್ಬರ ಕೆಲಸ

ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲೋ ಚಿಕ್ಕಮಗಳೂರಿನ ಬ್ಯಾಂಕಿನಲ್ಲೋ ಐದಾರು ವರ್ಷ ದುಡಿದ ಹೆಣ್ಣುಮಗಳು ಹೊರದೇಶಕ್ಕೆ ಹೋದ ಮೇಲೆ ಮನೆಯಲ್ಲೇ ಕೂರಬೇಕಾಗುತ್ತದೆಯೇ ಎನ್ನುವುದು ಆಫರ್‌ಗೆ ಸಹಿ ಹಾಕುವ ಮೊದಲು ಇತ್ಯರ್ಥವಾಗಬೇಕು. ಹೋದ ಮೇಲೆ ನೋಡೋಣ ಎಂದು ಬಿಟ್ಟರೆ ಮೊದಲ ವರ್ಷದ ಕೊನೆಗೆ ಮನೆಯ ನೆಮ್ಮದಿ ಕೆಡಿಸುವುದು ಇದೇ.

ಜರ್ಮನಿ ಇದರಲ್ಲಿ ನೇರವಾಗಿದೆ. ಇಯು ಬ್ಲೂ ಕಾರ್ಡ್, ಅಂದರೆ ಪದವಿ ಮತ್ತು ನಿಗದಿತ ಸಂಬಳದ ಕೆಲಸ ಇರುವವರಿಗೆ ಕೊಡುವ ವಾಸದ ಪರವಾನಗಿ, ಇರುವವರ ಗಂಡ ಅಥವಾ ಹೆಂಡತಿಗೆ ಮೊದಲ ದಿನದಿಂದ ಯಾವ ಕೆಲಸಕ್ಕಾದರೂ ಸೇರುವ ಹಕ್ಕಿದೆ, ವೀಸಾಕ್ಕೆ ಜರ್ಮನ್ ಭಾಷೆಯ ಪರೀಕ್ಷೆಯೂ ಬೇಡ. ಬ್ಲೂ ಕಾರ್ಡ್‌ಗೆ 2025ರಲ್ಲಿ ಇದ್ದ ಕನಿಷ್ಠ ಸಂಬಳ ವರ್ಷಕ್ಕೆ 48,300 ಯೂರೋ. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಜನ ಸಾಲದ ಕೆಲಸಗಳಿಗೆ 43,759.80 ಯೂರೋ. ಈ ಮಿತಿ ಪ್ರತಿ ಜನವರಿಯಲ್ಲಿ ಏರುತ್ತದೆ. ಡಿಸೆಂಬರಿನಲ್ಲಿ ಮಿತಿಗಿಂತ ಕೂದಲೆಳೆಯಷ್ಟು ಮೇಲಿರುವ ಆಫರ್ ಹಿಡಿದು ಜನವರಿಯಲ್ಲಿ ಅರ್ಜಿ ಹಾಕಿದರೆ ಅರ್ಜಿ ಬೀಳುತ್ತದೆ. ಸಂಬಳ ಮಾತಾಡುವಾಗಲೇ ಎರಡು ಮೂರು ಸಾವಿರ ಯೂರೋ ಮೇಲಕ್ಕೆ ಕೇಳಿಕೊಳ್ಳಿ. ಹಕ್ಕು ಇದ್ದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ ಎನ್ನುವುದೂ ನಿಜ. ಐಟಿ ಬಿಟ್ಟು ಬೇರೆ ಕೆಲಸಗಳಿಗೆ ಬಿ1 ಮಟ್ಟದ (ದಿನನಿತ್ಯದ ಮಾತುಕತೆಗೆ ಸಾಲುವ) ಜರ್ಮನ್ ಇಲ್ಲದೆ ಸಂದರ್ಶನಕ್ಕೂ ಕರೆಯುವುದು ಕಡಿಮೆ.

ದುಬೈನಲ್ಲಿ ಕುಟುಂಬದ ವೀಸಾ ಕೊಡಿಸಲು ದುಡಿಯುವವರ ಸಂಬಳ ಕನಿಷ್ಠ 4,000 ದಿರ್ಹಮ್, ಅಥವಾ 3,000 ಮತ್ತು ವಸತಿ ಇರಬೇಕು. ಆ ವೀಸಾದಲ್ಲಿರುವ ಹೆಂಡತಿಯನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿ ಅಲ್ಲಿನ ಕಾರ್ಮಿಕ ಸಚಿವಾಲಯದಿಂದ ವರ್ಕ್ ಪರ್ಮಿಟ್ ಪಡೆದರೆ ಸಾಕು, ವೀಸಾ ಬದಲಿಸಬೇಕಿಲ್ಲ. ಇಂಗ್ಲಿಷ್ ಬಂದರೆ ಭಾಷೆಯ ತೊಡಕೂ ಇಲ್ಲ.

ಕೆನಡಾದಲ್ಲಿ ಎರಡು ದಾರಿಗಳನ್ನು ಬೇರೆ ಬೇರೆ ನೋಡಬೇಕು, ಇಲ್ಲೇ ಹೆಚ್ಚಿನವರು ಎಡವುವುದು. ಅಂಕಗಳ ಮೇಲೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯ ಮೂಲಕ ಕಾಯಂ ನಿವಾಸ, ಅಂದರೆ ಪಿಆರ್ ಪಡೆದು ಹೋದರೆ ಇಬ್ಬರಿಗೂ ಪೂರ್ತಿ ಹಕ್ಕು. ತಾತ್ಕಾಲಿಕ ವರ್ಕ್ ಪರ್ಮಿಟ್ ಮೇಲೆ ಹೋದರೆ 2025ರ ಜನವರಿ 21ರಿಂದ ನಿಯಮ ಬಿಗಿಯಾಗಿದೆ: ದುಡಿಯುವವರ ಹುದ್ದೆ ಮೇಲಿನ ಎರಡು ಶ್ರೇಣಿಯಲ್ಲಿ ಅಥವಾ ಆಯ್ದ ಕೆಲವು ಕಸುಬುಗಳಲ್ಲಿ ಇರಬೇಕು, ಪರ್ಮಿಟ್‌ನಲ್ಲಿ ಕನಿಷ್ಠ 16 ತಿಂಗಳು ಉಳಿದಿರಬೇಕು. ಆಗ ಮಾತ್ರ ಸಂಗಾತಿಗೆ ಕೆಲಸದ ಪರವಾನಗಿ. "ಹೋಗಿ ಸೇರಿಕೊಳ್ಳಿ, ಪಿಆರ್ ಆಮೇಲೆ ಆಗುತ್ತೆ" ಎನ್ನುವ ಏಜೆಂಟರ ಮಾತು ನಂಬಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಆಫರ್ ಲೆಟರ್‌ಗೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನೂ 2025ರ ಮಾರ್ಚ್ 25ರಿಂದ ತೆಗೆದಿದ್ದಾರೆ.

ಮಗುವಿನ ಹಗಲು

ಹಾಸನದಲ್ಲಿ ಅಜ್ಜಿ ಇರುತ್ತಾರೆ, ಪಕ್ಕದ ಮನೆಯವರು ಇರುತ್ತಾರೆ, ಅಂಗನವಾಡಿ ಇರುತ್ತದೆ. ಇವಕ್ಕೆ ಯಾರೂ ಬೆಲೆ ಕಟ್ಟಿರುವುದಿಲ್ಲ. ಹೊರದೇಶದಲ್ಲಿ ಇದಕ್ಕೇ ದೊಡ್ಡ ಖರ್ಚು, ಮೂರು ದೇಶಗಳು ಒಂದಕ್ಕೊಂದು ದೂರವಾಗುವುದೂ ಇಲ್ಲಿಯೇ.

ದುಬೈನಲ್ಲಿ ಮಗುವಿನ ಪಾಲನೆ ಪೂರ್ತಿ ಖಾಸಗಿ. ನರ್ಸರಿ, ಕೆಜಿ, ಶಾಲಾ ಬಸ್ಸು ಎಲ್ಲಕ್ಕೂ ಕೈಯಿಂದಲೇ ಕಟ್ಟಬೇಕು. ಹೆಂಡತಿ ಮಕ್ಕಳ ಆರೋಗ್ಯ ವಿಮೆ ಮಾಡಿಸುವುದು ವೀಸಾ ಕೊಡಿಸಿದವರ ಹೊಣೆ. ಕಂಪನಿ ಕೊಡುತ್ತದೆಯೇ ಎಂದು ಆಫರ್‌ನಲ್ಲಿ ಬರೆಸಿಕೊಳ್ಳದಿದ್ದರೆ ಅದೂ ನಿಮ್ಮ ಜೇಬಿನಿಂದಲೇ. ಸಮಾಧಾನದ ಸಂಗತಿ ಎಂದರೆ ಸಿಬಿಎಸ್‌ಇ ಶಾಲೆಗಳಿವೆ, ಅವು ಬ್ರಿಟಿಷ್ ಶಾಲೆಗಳಿಗಿಂತ ಬಹಳ ಅಗ್ಗ. ಪ್ರತಿ ಶಾಲೆಯ ಶುಲ್ಕ ಮತ್ತು ಪರಿಶೀಲನಾ ವರದಿಯನ್ನು ಕೆಎಚ್‌ಡಿಎ ಎಂಬ ಸರ್ಕಾರಿ ಸಂಸ್ಥೆ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಮನೆ ಹುಡುಕುವ ಮೊದಲು ಶಾಲೆ ಹುಡುಕಿ. ಅಗ್ಗದ ಬಾಡಿಗೆ ಎಂದು ಶಾರ್ಜಾದಲ್ಲಿ ಮನೆ ಮಾಡಿ, ದುಬೈನ ಶಾಲೆಗೆ ಸೇರಿಸಿದರೆ ನಾಲ್ಕು ವರ್ಷದ ಮಗು ದಿನಾ ಬೆಳಿಗ್ಗೆ ಬಸ್ಸಿನಲ್ಲೇ ನಿದ್ದೆ ಮಾಡಬೇಕಾಗುತ್ತದೆ.

ಜರ್ಮನಿಯಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಜಾಗ ಕಾನೂನಿನ ಹಕ್ಕು, 2013ರ ಆಗಸ್ಟ್‌ನಿಂದ. ಅಲ್ಲಿ ಅದನ್ನು ಕಿಟಾ ಎನ್ನುತ್ತಾರೆ. ಬರ್ಲಿನ್‌ನಲ್ಲಿ ಶುಲ್ಕವೇ ಇಲ್ಲ, ಬೇರೆ ಹಲವು ರಾಜ್ಯಗಳಲ್ಲಿ ಊರಿಗೊಂದು ದರ. ಹಕ್ಕು ಇದ್ದರೂ ಜಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಜಾಗ ಸಿಕ್ಕ ಮೇಲೂ ಒಂದು ಸಂಗತಿ ನಮ್ಮವರಿಗೆ ಯಾರೂ ಹೇಳಿರುವುದಿಲ್ಲ. ಮಗುವನ್ನು ಗೇಟಿನಲ್ಲಿ ಬಿಟ್ಟು ಬರುವಂತಿಲ್ಲ. ಐನ್‌ಗೆವೋನುಂಗ್ ಎಂಬ ಹೊಂದಿಸುವ ಅವಧಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ನಡೆಯುತ್ತದೆ. ಮೊದಲ ದಿನಗಳಲ್ಲಿ ತಾಯಿ ಅಥವಾ ತಂದೆ ಒಂದು ಗಂಟೆ ಮಗುವಿನ ಜೊತೆ ಕೋಣೆಯಲ್ಲೇ ಕೂರಬೇಕು. ಆಮೇಲೆ ಹತ್ತು ನಿಮಿಷ ಹೊರಗೆ, ಅರ್ಧ ಗಂಟೆ ಹೊರಗೆ, ಊಟದ ತನಕ, ನಿದ್ದೆಯ ತನಕ. ಮಗು ಅತ್ತರೆ ಹಿಂದಿನ ಹೆಜ್ಜೆಗೆ ಹೋಗುತ್ತಾರೆ. ಭಾಷೆಯೇ ಗೊತ್ತಿಲ್ಲದ ಮಗುವಿಗೆ ನಾಲ್ಕು ವಾರಕ್ಕೂ ಹೆಚ್ಚು ಬೇಕಾಗಬಹುದು. ಹಾಗಾಗಿ ಇಬ್ಬರೂ ಒಂದೇ ತಿಂಗಳು ಕೆಲಸಕ್ಕೆ ಸೇರುವ ಯೋಜನೆ ಜರ್ಮನಿಯಲ್ಲಿ ನಡೆಯುವುದಿಲ್ಲ. ಇನ್ನೊಬ್ಬರು ಮಗು ಕಿಟಾಗೆ ಸೇರಿದ ಎರಡು ತಿಂಗಳ ನಂತರದ ದಿನಾಂಕ ಕೇಳಿಕೊಳ್ಳಲಿ.

ಇದರ ಜೊತೆಗೆ ಕಿಂಡರ್‌ಗೆಲ್ಡ್ ಎಂದು ಪ್ರತಿ ಮಗುವಿಗೆ ತಿಂಗಳಿಗೆ 255 ಯೂರೋ (2025ರ ದರ) ಸರ್ಕಾರವೇ ಕೊಡುತ್ತದೆ. ಅರ್ಜಿ ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ. ಸಂಪಾದನೆ ಇಲ್ಲದ ಸಂಗಾತಿ ಮತ್ತು ಮಕ್ಕಳು ಸರ್ಕಾರಿ ಆರೋಗ್ಯ ವಿಮೆಯಲ್ಲಿ ಹೆಚ್ಚಿನ ಕಂತಿಲ್ಲದೆ ಸೇರುತ್ತಾರೆ. ದುಬೈನ 12,000 ದಿರ್ಹಮ್‌ಗೂ ಜರ್ಮನಿಯ 3,200 ಯೂರೋಗೂ ಇರುವ ನಿಜವಾದ ಅಂತರ ಇದು.

ಒಂಟಾರಿಯೊದಲ್ಲಿ ನಾಲ್ಕು ವರ್ಷ ತುಂಬುವ ವರ್ಷದ ಸೆಪ್ಟೆಂಬರಿನಿಂದ ಪೂರ್ಣ ದಿನದ ಕಿಂಡರ್‌ಗಾರ್ಟನ್ ಉಚಿತ. ಅದಕ್ಕಿಂತ ಚಿಕ್ಕವರಿಗೆ ಸರ್ಕಾರದ ಯೋಜನೆಯಲ್ಲಿರುವ ಡೇಕೇರ್‌ಗಳಲ್ಲಿ 2025ರಿಂದ ದಿನಕ್ಕೆ 22 ಡಾಲರ್ ಮಿತಿ ಇದೆ, ಆದರೆ ಸರದಿ ಉದ್ದ. ಆರು ವರ್ಷದೊಳಗಿನ ಮಗುವಿಗೆ ಸಿಗುವ ಮಕ್ಕಳ ಭತ್ಯೆ 2025ರ ಜುಲೈನಿಂದ ವರ್ಷಕ್ಕೆ ಗರಿಷ್ಠ 7,997 ಡಾಲರ್, ಮನೆಯ ಆದಾಯ ಏರಿದಂತೆ ಇಳಿಯುತ್ತದೆ. ಪಿಆರ್ ಇದ್ದವರು ಇಳಿದ ಕೂಡಲೇ ಅರ್ಜಿ ಹಾಕಬಹುದು. ವರ್ಕ್ ಪರ್ಮಿಟ್‌ನವರು 18 ತಿಂಗಳು ಅಲ್ಲಿ ವಾಸವಿರಬೇಕು. ಪಿಆರ್ ಇಲ್ಲದೆ ಕೆನಡಾ ಬೇಡ ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಮಗುವಿನ ವಯಸ್ಸು ಆಯ್ಕೆಯನ್ನೇ ಬದಲಿಸುತ್ತದೆ. ಮೂರು, ನಾಲ್ಕು ವರ್ಷದ ಮಗುವಿಗೆ ಜರ್ಮನಿ ಒಳ್ಳೆಯದು. ಶಾಲೆ ಶುರುವಾಗುವುದು ಆರಕ್ಕೆ, ಅಷ್ಟರಲ್ಲಿ ಎರಡು ವರ್ಷ ಕಿಟಾದಲ್ಲಿ ಆಡುತ್ತಾ ಭಾಷೆ ಬಂದಿರುತ್ತದೆ. ಎಂಟು, ಒಂಬತ್ತು ದಾಟಿದ ಮಗುವಿಗೆ ಕಷ್ಟ. ಬರ್ಲಿನ್‌ನಂಥ ಒಂದೆರಡು ಕಡೆ ಬಿಟ್ಟರೆ ನಾಲ್ಕನೇ ತರಗತಿ ಮುಗಿಯುತ್ತಿದ್ದಂತೆ ಯಾವ ಬಗೆಯ ಪ್ರೌಢಶಾಲೆಗೆ ಎಂದು ವಿಂಗಡಿಸುತ್ತಾರೆ, ಆ ಹೊತ್ತಿಗೆ ಭಾಷೆ ಕೈಗೆ ಹತ್ತಿರುವುದಿಲ್ಲ. ಎರಡು ಮೂರು ವರ್ಷ ದುಡಿದು ಹಣ ಕೂಡಿಸಿ ಹಾಸನಕ್ಕೇ ವಾಪಸ್ಸು ಎನ್ನುವವರಿಗೆ ದುಬೈನ ಸಿಬಿಎಸ್‌ಇ ಶಾಲೆಯೇ ಸರಿ, ಮಗು ಬಿಟ್ಟ ತರಗತಿಯಿಂದ ಇಲ್ಲಿ ಮುಂದುವರಿಯುತ್ತದೆ.

ಕೆಲಸ ಹೋದರೆ

ದುಬೈನಲ್ಲಿ ಇಡೀ ಮನೆಯ ವೀಸಾ ಒಬ್ಬರ ಕೆಲಸಕ್ಕೆ ಕಟ್ಟಿರುತ್ತದೆ. ಕೆಲಸ ರದ್ದಾದರೆ ವೀಸಾ ವರ್ಗದ ಮೇಲೆ 30ರಿಂದ 180 ದಿನ ಸಮಯ ಸಿಗುತ್ತದೆ. ಕಡ್ಡಾಯ ನಿರುದ್ಯೋಗ ವಿಮೆಯಲ್ಲಿ 12 ತಿಂಗಳು ಕಂತು ಕಟ್ಟಿದ್ದರೆ ಮೂಲ ವೇತನದ ಶೇ 60ರಷ್ಟು ಗರಿಷ್ಠ ಮೂರು ತಿಂಗಳು ಬರುತ್ತದೆ. ಇಲ್ಲಿ "ಮೂಲ ವೇತನ" ಎಂಬ ಪದ ಗಮನಿಸಿ. ಐದು ವರ್ಷದೊಳಗಿನ ಸೇವೆಗೆ ವರ್ಷಕ್ಕೆ 21 ದಿನದ ಸಂಬಳದಂತೆ ಸಿಗುವ ಗ್ರಾಚ್ಯುಯಿಟಿಯೂ ಮೂಲ ವೇತನದ ಮೇಲೆಯೇ. ಆಫರ್‌ನಲ್ಲಿ 12,000ಕ್ಕೆ 5,000 ಮಾತ್ರ ಮೂಲ ವೇತನ ಎಂದು ಬರೆದಿದ್ದರೆ ಈ ಎರಡೂ ಅರ್ಧಕ್ಕಿಂತ ಕಡಿಮೆಯಾಗುತ್ತವೆ.

ಜರ್ಮನಿಯಲ್ಲಿ ಕೆಲಸ ಹೋದರೆ ವಲಸೆ ಕಚೇರಿಗೆ ತಿಳಿಸಬೇಕು, ಹೊಸ ಕೆಲಸ ಹುಡುಕಲು ಸಾಮಾನ್ಯವಾಗಿ ಮೂರು ತಿಂಗಳು ಕೊಡುತ್ತಾರೆ. 12 ತಿಂಗಳು ಕಂತು ಕಟ್ಟಿದ್ದರೆ, ಮಗು ಇರುವವರಿಗೆ ಕೈಗೆ ಬರುತ್ತಿದ್ದ ಸಂಬಳದ ಶೇ 67 ನಿರುದ್ಯೋಗ ಭತ್ಯೆ. ಬ್ಲೂ ಕಾರ್ಡ್‌ನವರಿಗೆ 27 ತಿಂಗಳಲ್ಲಿ, ಬಿ1 ಭಾಷೆ ಇದ್ದರೆ 21 ತಿಂಗಳಲ್ಲಿ ಕಾಯಂ ನಿವಾಸ ಸಿಗುವುದರಿಂದ ಈ ಭಯ ಎರಡು ವರ್ಷದ್ದು ಮಾತ್ರ. ಕೆನಡಾದ ಪಿಆರ್‌ಗೆ ಕೆಲಸದ ಹಂಗೇ ಇಲ್ಲ. ಐದು ವರ್ಷದಲ್ಲಿ 730 ದಿನ ಅಲ್ಲಿದ್ದರೆ ಸಾಕು.

ಅಜ್ಜಿ ಬಂದು ಇರಬಹುದೇ?

ಎರಡನೇ ಮಗುವಿನ ಬಾಣಂತನದ ಯೋಚನೆ ಇದ್ದರೆ ಇದನ್ನು ಈಗಲೇ ನೋಡಿ. ಕೆನಡಾದ ಸೂಪರ್ ವೀಸಾದಲ್ಲಿ ಅಪ್ಪ ಅಮ್ಮ ಒಂದೇ ಸಲಕ್ಕೆ ಐದು ವರ್ಷದ ತನಕ ಇರಬಹುದು, ಒಂದು ಲಕ್ಷ ಡಾಲರಿನ ವೈದ್ಯಕೀಯ ವಿಮೆ ಬೇಕು. ಜರ್ಮನಿಗೆ ಬರುವ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ, ಬಾಣಂತನ ಅರ್ಧಕ್ಕೇ ನಿಲ್ಲುತ್ತದೆ. ದುಬೈಗೆ ಭೇಟಿ ವೀಸಾ ಸುಲಭ, ಮಂಗಳೂರಿನಿಂದಲೇ ನೇರ ವಿಮಾನ, ಸಮಯದ ವ್ಯತ್ಯಾಸ ಒಂದೂವರೆ ಗಂಟೆ. ಚಿಕ್ಕಮಗಳೂರಿನ ಮನೆಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊಮ್ಮಗು ವಿಡಿಯೊ ಕರೆಯಲ್ಲಿ ಸಿಗುತ್ತದೆ. ಅದೇ ಹೊತ್ತಿನಲ್ಲಿ ಟೊರಾಂಟೊದಲ್ಲಿ ಇನ್ನೂ ಬೆಳಿಗ್ಗೆ, ಮಗು ಶಾಲೆಗೆ ಹೊರಡುವ ಗಡಿಬಿಡಿ. ಬಾಣಂತನಕ್ಕೆ ಊರಿಗೇ ಬರುವುದಾದರೆ ದುಬೈ ವೀಸಾದವರು 180 ದಿನ ಮೀರಿ ಹೊರಗಿದ್ದರೆ ವೀಸಾ ಬಿದ್ದುಹೋಗುತ್ತದೆ, ಐದನೇ ತಿಂಗಳಿಗೇ ವಾಪಸ್ ಟಿಕೆಟ್ ಮಾಡಿಸಿಡಿ.

ಒಟ್ಟಿಗೇ ಹೊರಡುವುದೋ, ಒಬ್ಬರು ಮೊದಲೋ?

"ಮೊದಲು ಒಬ್ಬ ಹೋಗಿ ನೆಲೆ ನಿಲ್ಲಲಿ, ವರ್ಷ ಬಿಟ್ಟು ಮನೆಯವರನ್ನು ಕರೆಸಿಕೊಳ್ಳಲಿ" ಎನ್ನುವುದು ಹಿರಿಯರ ಸಲಹೆ. ದುಬೈಗೆ ಇದು ಸರಿ, ಆದರೆ ವರ್ಷ ಬೇಡ, ಆರರಿಂದ ಎಂಟು ವಾರ ಸಾಕು. ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ) ಬರಬೇಕು, ಅದರ ಮೇಲೆ ಬ್ಯಾಂಕ್ ಖಾತೆ, ಖಾತೆಯ ಮೇಲೆ ಚೆಕ್ ಪುಸ್ತಕ, ಚೆಕ್ ಇದ್ದರೆ ಮನೆ. ಈ ಸರಣಿ ಮುಗಿಯದೆ ಮಕ್ಕಳನ್ನು ಕರೆದೊಯ್ದರೆ ಹೋಟೆಲಿನ ಬಾಡಿಗೆಗೆ ಹಣ ಸುರಿಯಬೇಕು.

ಜರ್ಮನಿಯಲ್ಲಿ ಬೇರೆ ಇದ್ದಷ್ಟೂ ನಷ್ಟ. ಹೆಂಡತಿ ಹಾಸನದಲ್ಲೇ ಇದ್ದರೆ ನೀವು ತೆರಿಗೆಯ ಒಂದನೇ ವರ್ಗ. ಅವರು ಬಂದು ವಿಳಾಸ ನೋಂದಾಯಿಸಿದ ಮೇಲೆ ಮೂರನೇ ವರ್ಗಕ್ಕೆ ಸೇರಬಹುದು. 4,500 ಯೂರೋ ಸಂಬಳಕ್ಕೆ ಇವೆರಡರ ನಡುವೆ ತಿಂಗಳಿಗೆ 300 ಯೂರೋಗಿಂತ ಹೆಚ್ಚು ವ್ಯತ್ಯಾಸ. ಮಕ್ಕಳು ಜರ್ಮನಿಯಲ್ಲಿ ಇಲ್ಲದಿದ್ದರೆ ಕಿಂಡರ್‌ಗೆಲ್ಡ್ ಕೂಡ ಇಲ್ಲ. ಇಬ್ಬರು ಮಕ್ಕಳ ಮನೆಗೆ ಇದು ತಿಂಗಳಿಗೆ 800 ಯೂರೋ ದಾಟುತ್ತದೆ, ಎಂದರೆ 80,000 ರೂಪಾಯಿ. ಒಂದು ವರ್ಷ ತಡಮಾಡಿದವರು ಒಂಬತ್ತು ಲಕ್ಷಕ್ಕೂ ಹೆಚ್ಚು ಬಿಟ್ಟುಕೊಟ್ಟಂತೆ. ವೀಸಾ ಅರ್ಜಿಯನ್ನು ನಾಲ್ವರಿಗೂ ಒಟ್ಟಿಗೇ ಬೆಂಗಳೂರಿನಲ್ಲಿ ಕೊಡಿ. ಹೊರಡುವುದು ಬೇಕಾದರೆ ಆರು ವಾರದ ಅಂತರದಲ್ಲಿ ಆಗಲಿ.

ಕೆನಡಾದಲ್ಲಿ ಮುಖ್ಯ ಅರ್ಜಿದಾರರು ಮೊದಲು ಅಥವಾ ಜೊತೆಗೆ ಇಳಿಯಬೇಕು, ಹೆಂಡತಿ ಮಕ್ಕಳು ಮುಂಚೆ ಹೋಗುವಂತಿಲ್ಲ. ಇನ್ನೂ ದೊಡ್ಡದು: ಅರ್ಜಿಯಲ್ಲಿ ಎಲ್ಲ ಮಕ್ಕಳ ಹೆಸರೂ ಇರಲೇಬೇಕು, ಜೊತೆಗೆ ಬರದವರದೂ. ಅರ್ಜಿ ನಡೆಯುತ್ತಿರುವಾಗ ಮಗು ಹುಟ್ಟಿದರೆ ಕೂಡಲೇ ತಿಳಿಸಬೇಕು. ಬಿಟ್ಟುಹೋದ ಮಗುವನ್ನು ಆಮೇಲೆ ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳುವ ದಾರಿ ಮುಚ್ಚಿಹೋಗುತ್ತದೆ.

ಕಾಗದಪತ್ರ: ಇನಿಷಿಯಲ್‌ನಿಂದ ಶುರು

ನಮ್ಮ ಕಡೆಯ ಅರ್ಜಿಗಳು ಹೆಚ್ಚು ನಿಲ್ಲುವುದು ಹೆಸರಿನ ಮುಂದಿನ ಇನಿಷಿಯಲ್ ಕಾರಣಕ್ಕೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಎಚ್.ಎಸ್." ಎಂದಿರುತ್ತದೆ, ಊರಿನ ಹೆಸರು, ಅಪ್ಪನ ಹೆಸರು. ಪಾಸ್‌ಪೋರ್ಟಿನಲ್ಲಿ ಬರೀ ಮಂಜುನಾಥ, ಉಪನಾಮದ ಜಾಗ ಖಾಲಿ. ಮಗುವಿನ ಜನನ ಪತ್ರದಲ್ಲಿ ತಂದೆ "ಮಂಜುನಾಥ್", ತಾಯಿ "ಸವಿತಾ". ತಾಯಿಯ ಪಾಸ್‌ಪೋರ್ಟಿನಲ್ಲಿ "ಸವಿತಾ ಎಂ.ಆರ್." ಊರಿನಲ್ಲಿ ಇವರೆಲ್ಲ ಒಂದೇ ಮನೆಯವರು. ಕಡತ ನೋಡುವ ಅಧಿಕಾರಿಗೆ ಬೇರೆ ಬೇರೆ ಜನ.

ದುಬೈಗೆ 2022ರ ನವೆಂಬರ್‌ನಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಪ್ರವೇಶಕ್ಕೇ ತೊಂದರೆ. ಕೆನಡಾದಲ್ಲಿ ಉಪನಾಮ ಖಾಲಿ ಇದ್ದರೆ ಇರುವ ಹೆಸರನ್ನೇ ಉಪನಾಮ ಮಾಡುತ್ತಾರೆ, ಬ್ಯಾಂಕ್, ಶಾಲೆ, ಆಸ್ಪತ್ರೆ ಎಲ್ಲ ಕಡೆ ಅದೇ ಹಿಂಬಾಲಿಸುತ್ತದೆ. ಆಫರ್ ಬರುವ ಮೊದಲೇ ಪಾಸ್‌ಪೋರ್ಟನ್ನು ಮರುವಿತರಣೆಗೆ ಕೊಟ್ಟು ಇನಿಷಿಯಲ್ ಬಿಡಿಸಿ ಬರೆಸಿ: ಹೆಸರು ಮಂಜುನಾಥ, ಉಪನಾಮ ಅಪ್ಪನ ಹೆಸರೋ ಊರಿನ ಹೆಸರೋ. ಯಾವುದನ್ನು ಆರಿಸಿದರೂ ಗಂಡ, ಹೆಂಡತಿ, ಮಕ್ಕಳ ಪಾಸ್‌ಪೋರ್ಟಿನಲ್ಲಿ ಒಂದೇ ಕ್ರಮ ಇರಲಿ. ಹಾಸನದವರಿಗೆ ಪ್ರಧಾನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಇದು ಆಗುತ್ತದೆ. ಮಕ್ಕಳ ಪಾಸ್‌ಪೋರ್ಟ್ ಶುಲ್ಕ 1,000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಶೇ 10 ರಿಯಾಯಿತಿ, ಅವಧಿ ಐದು ವರ್ಷ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪತ್ರ ಒಂದೇ ನಡೆಯುತ್ತದೆ. ಆಸ್ಪತ್ರೆಯಲ್ಲಿ ಹೆಸರಿಲ್ಲದೆ ನೋಂದಣಿಯಾದ ಮಗುವಾದರೆ ಮೊದಲು ಆ ನೋಂದಣಿ ಕಚೇರಿಗೆ ಹೋಗಿ ಹೆಸರು ಸೇರಿಸಿ. ಒಂದು ವರ್ಷದೊಳಗೆ ಉಚಿತ, ಆಮೇಲೆ ದಂಡ ಶುಲ್ಕ.

ಛತ್ರದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೇ ಉಳಿದವರು ಬಹಳ. ಲಗ್ನಪತ್ರಿಕೆ, ಮದುವೆ ಫೋಟೊ, ವಯಸ್ಸಿನ ದಾಖಲೆ, ಮೂವರು ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ದುಬೈಗಾದರೆ ಆ ಪ್ರಮಾಣಪತ್ರ ರಾಜ್ಯ ಗೃಹ ಇಲಾಖೆ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆ ಎಂದು ನಾಲ್ಕು ಮೆಟ್ಟಿಲು ಹತ್ತಬೇಕು, ಒಂದೇ ಮುದ್ರೆಯನ್ನು ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ. ಮುದ್ರೆಗಳು ಬೀಳುವುದು ಮೂಲ ಪ್ರತಿಯ ಹಿಂಬದಿಗೆ. ಅದಕ್ಕೇ ಪದವಿ ಪತ್ರವನ್ನಾಗಲೀ ಮದುವೆ ಪತ್ರವನ್ನಾಗಲೀ ಲ್ಯಾಮಿನೇಟ್ ಮಾಡಿಸಬೇಡಿ. ಮಾಡಿಸಿದ್ದರೆ ಬಿಡಿಸಲು ಹೋಗಿ ಹರಿದುಕೊಳ್ಳದೆ ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿಗೆ ಅರ್ಜಿ ಹಾಕಿ. ಜರ್ಮನಿಗಾದರೆ ನಿಮ್ಮ ವಿಶ್ವವಿದ್ಯಾಲಯಕ್ಕೆ ಅನಾಬಿನ್ ಎಂಬ, ವಿದೇಶಿ ಪದವಿಗಳ ಜರ್ಮನ್ ಪಟ್ಟಿಯಲ್ಲಿ ಎಚ್ ಪ್ಲಸ್ (ಮಾನ್ಯತೆಯ) ಗುರುತು ಇದೆಯೇ, ನಿಮ್ಮ ಪದವಿಯ ಹೆಸರೂ ಇದೆಯೇ ನೋಡಿ. ಪದವಿ ಆ ಪಟ್ಟಿಯಲ್ಲಿ ಇಲ್ಲದಿದ್ದರೆ 208 ಯೂರೋ ಕಟ್ಟಿ ಸಮಾನತೆಯ ಹೇಳಿಕೆ ತರಿಸಬೇಕು.

ತಾಯಿ ಕಾರ್ಡ್

ಲಸಿಕೆಯ ದಾಖಲೆ ಎಂದರೆ ನಮ್ಮಲ್ಲಿ ತಾಯಿ ಕಾರ್ಡ್. ಮಡಿಸಿ ಮಡಿಸಿ ಅಂಚು ಹರಿದಿರುತ್ತದೆ, ದಿನಾಂಕಗಳು ಕೈಬರಹದಲ್ಲಿ, ಕೆಲವು ಕಡೆ ಬರೀ ಟಿಕ್ ಗುರುತು. ಜರ್ಮನಿಯ ಕಿಟಾಗೆ ಎರಡು ವರ್ಷ ತುಂಬಿದ ಮಗುವಿಗೆ ದಡಾರದ ಎರಡು ಡೋಸ್ ಆಗಿರುವ ಪುರಾವೆ ಕಾನೂನಿನಂತೆ ಕಡ್ಡಾಯ, 2020ರ ಮಾರ್ಚ್‌ನಿಂದ. ಪುರಾವೆ ಇಲ್ಲದಿದ್ದರೆ ಮೊದಲ ದಿನವೇ ವಾಪಸ್ಸು. ನಮ್ಮ ಸರ್ಕಾರಿ ಪಟ್ಟಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳಿಗೆ, ಎರಡನೆಯದು 16ರಿಂದ 24 ತಿಂಗಳಲ್ಲಿ. ಒಂಟಾರಿಯೊದಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚಿನ ಡೋಸ್ ಲೆಕ್ಕಕ್ಕಿಲ್ಲ, ಮೇಲಾಗಿ ಅಲ್ಲಿ ಮಂಗನಬಾವಿನ ಲಸಿಕೆಯೂ ಸೇರಿರಬೇಕು. ಹೊರಡುವ ಮೂರು ತಿಂಗಳ ಮುಂಚೆ ಮಕ್ಕಳ ಡಾಕ್ಟರನ್ನು ಕಂಡು ಈ ಮೂರೂ ಸೇರಿದ ಎಂಎಂಆರ್ ಲಸಿಕೆಯ ಬಗ್ಗೆ ಕೇಳಿ. ಎರಡು ಡೋಸ್ ಬೇಕಾದರೆ ನಡುವೆ ಕನಿಷ್ಠ ನಾಲ್ಕು ವಾರ ಬೇಕು. ಎಲ್ಲ ಲಸಿಕೆಗಳ ಹೆಸರು, ದಿನಾಂಕವನ್ನು ಡಾಕ್ಟರ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಬರೆಸಿ, ಸಹಿ ಸೀಲು ಹಾಕಿಸಿ. ತಾಯಿ ಕಾರ್ಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಮೊದಲ ಎರಡು ತಿಂಗಳ ಹಣ, ಮತ್ತು ಅಡುಗೆಮನೆ

ದುಬೈನಲ್ಲಿ ವರ್ಷಕ್ಕೆ 65,000 ದಿರ್ಹಮ್ ಬಾಡಿಗೆಯ ಮನೆ ಎಂದುಕೊಳ್ಳಿ. ಬಾಡಿಗೆಯನ್ನು ಮುಂದಿನ ದಿನಾಂಕದ ನಾಲ್ಕು ಚೆಕ್‌ಗಳಲ್ಲಿ ಕೊಡಬೇಕು. ಮೊದಲ ಚೆಕ್ 16,250, ಮುಂಗಡ ಶೇ 5ರಂತೆ 3,250, ದಲ್ಲಾಳಿಗೆ ಶೇ 5ರಂತೆ 3,250, ನೀರು–ವಿದ್ಯುತ್ ಠೇವಣಿ 2,000, ಒಪ್ಪಂದದ ನೋಂದಣಿ 220ರ ಹತ್ತಿರ. ಕೀಲಿ ಕೈಗೆ ಬರುವಷ್ಟರಲ್ಲಿ ಸುಮಾರು 25,000 ದಿರ್ಹಮ್, ಆರು ಲಕ್ಷ ರೂಪಾಯಿ. ಕಂಪನಿಯಿಂದ ಬಾಡಿಗೆ ಮುಂಗಡ ಕೇಳಿ, ಕೊಡುವ ಕಂಪನಿಗಳಿವೆ.

ಜರ್ಮನಿಯಲ್ಲಿ ಮುಂಗಡ ಮೂರು ತಿಂಗಳ ಬರಿ ಬಾಡಿಗೆಯನ್ನು ಮೀರುವಂತಿಲ್ಲ. ಬಾಡಿಗೆಯಲ್ಲಿ ತಣ್ಣನೆಯದು, ಬೆಚ್ಚನೆಯದು ಎಂದು ಎರಡು ಲೆಕ್ಕ. ಬೆಚ್ಚನೆಯದರಲ್ಲಿ ಹೀಟಿಂಗ್, ನೀರು ಸೇರಿರುತ್ತದೆ, ಅದನ್ನೇ ಹೋಲಿಸಿ. ಹಲವು ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ ಮತ್ತು ಒಂದು ನಲ್ಲಿ ಕೊಳವೆ. ಸಿಂಕ್, ಒಲೆ, ಕಪಾಟು ನೀವೇ ತರಬೇಕು. ಚಿಕ್ಕ ಮಗು ಇರುವವರು ಮೊದಲ ಮನೆಗೆ ಅಡುಗೆಮನೆ ಜೋಡಿಸಿರುವುದನ್ನೇ ಹುಡುಕಿ. ಮನೆ ಹೊಕ್ಕ 14 ದಿನದೊಳಗೆ ವಿಳಾಸ ನೋಂದಣಿಯಾಗಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ದೃಢೀಕರಣ ಪತ್ರ ಬೇಕು. ಅದು ಕೊಡುವುದಿಲ್ಲ ಎನ್ನುವ ಮನೆ ಎಷ್ಟೇ ಅಗ್ಗವಾದರೂ ಬೇಡ. ತೆರಿಗೆ ಸಂಖ್ಯೆ, ಕಿಟಾ, ಕಿಂಡರ್‌ಗೆಲ್ಡ್ ಎಲ್ಲ ಆ ಒಂದು ಕಾಗದದ ಹಿಂದೆ ಬರುತ್ತವೆ.

ಕೆನಡಾ ಪಿಆರ್‌ಗೆ ವಿದೇಶದಲ್ಲೇ ಕುಳಿತು ಅರ್ಜಿ ಹಾಕುವ ನಾಲ್ವರ ಕುಟುಂಬ 28,362 ಡಾಲರ್ (2025ರ ಜುಲೈನ ಮಿತಿ) ತೋರಿಸಬೇಕು, ಹೆಚ್ಚುಕಡಿಮೆ 18 ಲಕ್ಷ. ತೋಟ, ಒಡವೆ ತೋರಿಸಿದರೆ ನಡೆಯುವುದಿಲ್ಲ, ಬ್ಯಾಂಕಿನಲ್ಲಿ ಇರುವ ನಿಮ್ಮದೇ ಹಣ ಆಗಬೇಕು, ಸಾಲದ್ದೂ ಆಗಬಾರದು. ಒಂಟಾರಿಯೊದಲ್ಲಿ ಮನೆ ಮಾಲೀಕರು ಮೊದಲ ಮತ್ತು ಕೊನೆಯ ತಿಂಗಳ ಬಾಡಿಗೆ ಬಿಟ್ಟು ಬೇರೆ ಮುಂಗಡ ಕೇಳುವಂತಿಲ್ಲ.

ಮಿಕ್ಸಿ ವಿಷಯ. ದುಬೈ, ಜರ್ಮನಿಯಲ್ಲಿ ನಮ್ಮ 230 ವೋಲ್ಟ್ ಮಿಕ್ಸಿ ಓಡುತ್ತದೆ, ಪ್ಲಗ್ ಬದಲಿಸಿದರೆ ಸಾಕು. ಕೆನಡಾದಲ್ಲಿ 120 ವೋಲ್ಟ್. ಚಿಕ್ಕ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಅಲ್ಲ, ಬ್ಲೇಡು ತಿಣುಕುತ್ತದೆ, ಚಟ್ನಿ ಆಗುವುದಿಲ್ಲ. 110–120 ವೋಲ್ಟಿನದೇ ಕೊಳ್ಳಿ. ದುಬೈಗೆ ಗಸಗಸೆ ಒಯ್ಯಲೇಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಸಾರಿನ ಪುಡಿ, ಪಾಯಸದ ಮಿಶ್ರಣದಲ್ಲಿ ಅಮ್ಮ ಗಸಗಸೆ ಹುರಿದು ಹಾಕಿದ್ದಾರೆಯೇ ಕೇಳಿಯೇ ಚೀಲಕ್ಕೆ ಹಾಕಿ. ಜರ್ಮನಿಗೆ ಮನೆಯ ತುಪ್ಪ, ಹಾಲಿನ ಸಿಹಿ ತಿಂಡಿ ಒಯ್ಯುವಂತಿಲ್ಲ, ಹಿಟ್ಟು, ಒಣ ಮಸಾಲೆಗೆ ಅಡ್ಡಿಯಿಲ್ಲ.

ತೋಟ, ಖಾತೆ, ಹೊರಡುವ ತಿಂಗಳು

ನಿಮ್ಮ ಹೆಸರಿನಲ್ಲಿ ಕಾಫಿ ತೋಟವೋ ಹೊಲವೋ ಇದ್ದರೆ ಹೊರದೇಶಕ್ಕೆ ಹೋದ ಮೇಲೂ ಅದು ನಿಮ್ಮದೇ, ಪಿತ್ರಾರ್ಜಿತವಾಗಿ ಬರುವುದಕ್ಕೂ ಅಡ್ಡಿಯಿಲ್ಲ. ಅನಿವಾಸಿಯಾದ ಮೇಲೆ ಹೊಸದಾಗಿ ಕೃಷಿಭೂಮಿ, ತೋಟ ಕೊಳ್ಳುವಂತಿಲ್ಲ. ಪಕ್ಕದ ಎರಡು ಎಕರೆಯ ಮಾತುಕತೆ ನಡೆಯುತ್ತಿದ್ದರೆ ಹೊರಡುವ ಮುಂಚೆ ಮುಗಿಸಿ. ಪಹಣಿ ತಿದ್ದುಪಡಿ, ಬ್ಯಾಂಕ್ ಸಾಲದ ನವೀಕರಣಕ್ಕೆ ಅಪ್ಪನಿಗೋ ಅಣ್ಣನಿಗೋ ಅಧಿಕಾರ ಪತ್ರ ಕೊಡಬೇಕಾದರೆ ಇಲ್ಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಅಲ್ಲಿ ಹೋದ ಮೇಲೆ ನೆನಪಾದರೆ ಭಾರತದ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸಿ, ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಿ, ಕಾಫಿ ಮಾರಿದ ಹಣ ಅದಕ್ಕೆ ಬೀಳಲಿ. ವಿದೇಶದ ಸಂಬಳ ಕಳುಹಿಸಲು ಎನ್‌ಆರ್‌ಇ ಖಾತೆ ಬೇರೆ. ಪಿಎಂ ಕಿಸಾನ್ ಹಣ ಬರುತ್ತಿದ್ದರೆ ನಿಲ್ಲಿಸಿ, ಅನಿವಾಸಿಗಳಿಗೆ ಅದು ಸಲ್ಲುವುದಿಲ್ಲ.

ಕೊನೆಯದು ಹೊರಡುವ ತಿಂಗಳು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನ ಅಥವಾ ಹೆಚ್ಚು ಇದ್ದರೆ ಆ ವರ್ಷಕ್ಕೆ ನೀವು ಇಲ್ಲಿನ ನಿವಾಸಿ, ಹೊರಗಿನ ಸಂಬಳವನ್ನೂ ಇಲ್ಲಿನ ತೆರಿಗೆ ಲೆಕ್ಕಕ್ಕೆ ತೋರಿಸಬೇಕು. ಜರ್ಮನಿ, ಕೆನಡಾದಲ್ಲಿ ಅಲ್ಲೇ ತೆರಿಗೆ ಕಟ್ಟಿರುವುದರಿಂದ ಅದರ ವಿನಾಯಿತಿ ಸಿಗುತ್ತದೆ. ದುಬೈನಲ್ಲಿ ಕಟ್ಟಿರುವುದೇ ಇಲ್ಲ. ನವೆಂಬರಿನಲ್ಲಿ ಸೇರಿದರೆ ಮಾರ್ಚ್ ತನಕದ ಐದು ತಿಂಗಳ 60,000 ದಿರ್ಹಮ್, ಹದಿನಾಲ್ಕು ಲಕ್ಷಕ್ಕೂ ಹೆಚ್ಚು, ಇಲ್ಲಿನ ತೆರಿಗೆಗೆ ಸಿಗುತ್ತದೆ. ಜರ್ಮನಿ, ಒಂಟಾರಿಯೊ ಶಾಲೆಗಳು ಆಗಸ್ಟ್–ಸೆಪ್ಟೆಂಬರಿನಲ್ಲಿ ತೆರೆಯುವುದರಿಂದ ಜುಲೈ, ಆಗಸ್ಟ್‌ನಲ್ಲಿ ಹೊರಡುವುದು ಅನುಕೂಲ. ದುಬೈ ಆಫರ್ ವರ್ಷದ ಕೊನೆಯಲ್ಲಿ ಬಂದರೆ ಏಪ್ರಿಲ್ ಮೊದಲ ವಾರಕ್ಕೆ ಸೇರುತ್ತೇನೆ ಎಂದು ಕೇಳಿ ನೋಡಿ. ಸಿಬಿಎಸ್‌ಇ ಶಾಲೆಯ ಕೆಜಿ ಶುರುವಾಗುವುದೂ ಏಪ್ರಿಲ್‌ನಲ್ಲೇ, ಅಷ್ಟರಲ್ಲಿ ತೋಟದ ರೊಬಸ್ಟಾ ಕೊಯ್ಲೂ ಮುಗಿದಿರುತ್ತದೆ.